ಏಳು ದಿನದ ಔಷಧ, ಹದಿನಾಲ್ಕು ದಿನದ ಬಿಲ್ಲು

2020ಕ್ಕೆ ಮೊದಲು ರೋಣ, ನರಗುಂದ, ಗಜೇಂದ್ರಗಡದ ಬಸ್‌ಸ್ಟ್ಯಾಂಡುಗಳಲ್ಲಿ ‘ವೆಂಟಿಲೇಟರ್’ ಎಂಬ ಶಬ್ದ ಅಷ್ಟಾಗಿ ಕಿವಿಗೆ ಬೀಳುತ್ತಿರಲಿಲ್ಲ. ಮೂಗಿಗೆ ನಳಿಕೆ ಇಟ್ಟರೂ, ಬಾಯಿಗೆ ಮಾಸ್ಕ್ ಹಾಕಿದರೂ, ಗಂಟಲೊಳಗೆ ಪೈಪು ಇಳಿಸಿ ಯಂತ್ರ ಹಚ್ಚಿದರೂ ನಮ್ಮ ಮಂದಿ ‘ಗ್ಯಾಸ್ ಹಚ್ಚ್ಯಾರ’ ಎಂದು ಒಂದೇ ಮಾತಿನಲ್ಲಿ ಮುಗಿಸುತ್ತಿದ್ದರು. 2020 ಮತ್ತು 2021ರ ಕೋವಿಡ್ ಈ ಶಬ್ದವನ್ನು ಮನೆಮನೆಗೆ ತಂದಿತು. ಈಗ ಕಿರಾಣಿ ಅಂಗಡಿಯ ಕಟ್ಟೆಯ ಮೇಲೂ ‘ವೆಂಟಿಲೇಟರ್ ಮ್ಯಾಲ ಅದಾರಂತ’ ಎಂಬ ಸುದ್ದಿ ಬರುತ್ತದೆ. ಸುದ್ದಿ ಬಂದೊಡನೆ ಕೇಳುವ ಪ್ರಶ್ನೆ ಎರಡೇ. ‘ಉಳೀತಾರೇನ್ರಿ?’ ಎಂಬುದು ಒಂದು. ‘ಖರ್ಚು ಎಷ್ಟಾತ್ರಿ?’ ಎಂಬುದು ಇನ್ನೊಂದು.

ಮೂರನೆಯ ಪ್ರಶ್ನೆಯೊಂದಿದೆ. ಅದನ್ನು ಕೇಳುವವರು ಕಡಿಮೆ. ‘ಯಾವ ಔಷಧ, ಯಾವ ರೋಗಾಣುವಿಗೆ, ಎಷ್ಟು ದಿನ?’ ಮೊದಲಿನ ಎರಡು ಪ್ರಶ್ನೆಗಳ ಉತ್ತರ ಬಹುಮಟ್ಟಿಗೆ ಈ ಮೂರನೆಯದರ ಮೇಲೆ ನಿಂತಿದೆ. ಆದ್ದರಿಂದ ಇಂದಿನ ಅಂಕಣ ಅದರ ಬಗ್ಗೆ.

ಯಂತ್ರಕ್ಕೆ ಹೋಗುವವರು ಯಾರು?

ನಮ್ಮ ಮೂರು ತಾಲ್ಲೂಕುಗಳಿಂದ ದೊಡ್ಡ ದವಾಖಾನೆಗೆ ಹೋಗಿ ಯಂತ್ರದ ಮೇಲೆ ಮಲಗುವವರೆಲ್ಲ ಶ್ವಾಸಕೋಶದ ರೋಗಿಗಳಲ್ಲ. ಹೆಲ್ಮೆಟ್ ಇಲ್ಲದೆ ಬೈಕಿನಿಂದ ಬಿದ್ದು ತಲೆಗೆ ಪೆಟ್ಟಾದ ಹುಡುಗ ಇರುತ್ತಾನೆ. ಹೊಲಕ್ಕೆ ಹೊಡೆಯುವ ಎಣ್ಣೆ ಮೈಗೆ ಸೇರಿದವರು, ಮನನೊಂದು ಅದನ್ನೇ ಕುಡಿದವರು ಇರುತ್ತಾರೆ. ರಾತ್ರಿ ನೆಲದ ಮೇಲೆ ಮಲಗಿದ್ದಾಗ ಕಟ್ಟುಹಾವು ಕಚ್ಚಿ ಉಸಿರಾಟದ ಸ್ನಾಯುಗಳು ಸೋತವರು, ಲಕ್ವ ಹೊಡೆದ ಹಿರಿಯರು ಇರುತ್ತಾರೆ. ಇವರಲ್ಲಿ ಅನೇಕರ ಶ್ವಾಸಕೋಶ ಊರು ಬಿಟ್ಟಾಗ ಗಟ್ಟಿಯಾಗಿಯೇ ಇತ್ತು. ಯಂತ್ರ ಅವರಿಗೆ ಬೇಕಾದದ್ದು ಮೈಗೆ ತ್ರಾಣ ಬರುವವರೆಗೆ ಉಸಿರು ನಡೆಸಲಿಕ್ಕೆ ಮಾತ್ರ.

108 ಆಂಬುಲೆನ್ಸ್ ನಮ್ಮ ರಾಜ್ಯದಲ್ಲಿ 2008ರಲ್ಲಿ ಶುರುವಾಯಿತು. ಗದಗಿನ ಸರಕಾರಿ ವೈದ್ಯಕೀಯ ಕಾಲೇಜು 2015ರಲ್ಲಿ ಬಂತು. ಅದಕ್ಕೆ ಮೊದಲು ಗಂಭೀರ ಪ್ರಕರಣವೆಂದರೆ ಹುಬ್ಬಳ್ಳಿಯ ಹಾದಿಯೇ. ಈಗಲೂ ನರಗುಂದದವರು 50 ಕಿಲೋಮೀಟರಿನ ಮೇಲಿರುವ ಹುಬ್ಬಳ್ಳಿಗೆ ಹೋಗುವುದು ಹೆಚ್ಚು. ರೋಣ, ಗಜೇಂದ್ರಗಡದವರು ಮೊದಲು ಗದಗು, ಅಲ್ಲಿಂದ ಮುಂದೆ ಹುಬ್ಬಳ್ಳಿ-ಧಾರವಾಡ. ರೋಗಿ ಒಳಗೆ, ಮನೆಯವರು ಹೊರಗೆ ಕಾರಿಡಾರಿನಲ್ಲಿ. ಹಗಲು ಒಬ್ಬರು, ರಾತ್ರಿ ಒಬ್ಬರು, ನಡುವೆ ಹೊಲ ಮನಿ ದನಕರು ನೋಡಲು ಬಸ್ಸಿನಲ್ಲಿ ಓಡಾಟ.

ಮೂರನೆಯ ದಿನವೋ ನಾಲ್ಕನೆಯ ದಿನವೋ ಡಾಕ್ಟರು ಹೊರಗೆ ಬಂದು ಹೇಳುತ್ತಾರೆ: ‘ಈಗ ನ್ಯುಮೋನಿಯಾ ಆಗ್ಯದ.’ ಮನೆಯವರಿಗೆ ತಲೆಬುಡ ತಿಳಿಯುವುದಿಲ್ಲ. ‘ತಲೀಗೆ ಪೆಟ್ಟಾಗಿತ್ತಲ್ರೀ, ಎದಿಗೆ ಏನಾತು?’

ನಳಿಕೆಯ ಹಾದಿಯಲ್ಲಿ ಬರುವ ನ್ಯುಮೋನಿಯಾ

ಆಗಿದ್ದು ಇಷ್ಟು. ನಮ್ಮ ಗಂಟಲಿಗೆ ದೇವರು ಕೊಟ್ಟ ಕಾವಲುಗಾರರಿದ್ದಾರೆ. ನೀರು ತಪ್ಪಿ ಉಸಿರಿನ ಹಾದಿಗೆ ಹೋದರೆ ಕೆಮ್ಮು ಬಂದು ಹೊರಗೆ ತಳ್ಳುತ್ತದೆ. ಶ್ವಾಸನಾಳದೊಳಗೆ ನಳಿಕೆ ಇಳಿಸಿ, ರೋಗಿ ಒದ್ದಾಡದಿರಲಿ ಎಂದು ಮಂಪರಿನ ಔಷಧ ಕೊಟ್ಟಾಗ ಈ ಕಾವಲು ಸಡಿಲಾಗುತ್ತದೆ. ಬಾಯಿ ಗಂಟಲಿನ ರೋಗಾಣು ತುಂಬಿದ ಜೊಲ್ಲು ನಳಿಕೆಯ ಬದಿಯಿಂದ ಹನಿಹನಿಯಾಗಿ ಕೆಳಗೆ ಜಾರುತ್ತದೆ. ನಳಿಕೆಯ ಒಳಗೋಡೆಗೂ ರೋಗಾಣುಗಳು ಪಾಚಿಯಂತೆ ಹತ್ತಿಕೊಳ್ಳುತ್ತವೆ. ನಳಿಕೆ ಹಾಕಿ 48 ಗಂಟೆ ಕಳೆದ ಮೇಲೆ ಹೀಗೆ ಬರುವ ನ್ಯುಮೋನಿಯಾಕ್ಕೆ ವೈದ್ಯರಲ್ಲಿ ಬೇರೆ ಹೆಸರೇ ಇದೆ, ವೆಂಟಿಲೇಟರ್ ನ್ಯುಮೋನಿಯಾ. ಅಮೆರಿಕದ ವೈದ್ಯ ಸಂಘಗಳ 2016ರ ಮಾರ್ಗಸೂಚಿಯ ಪ್ರಕಾರ ಯಂತ್ರದ ಮೇಲಿದ್ದ ನೂರು ಮಂದಿಯಲ್ಲಿ ಸುಮಾರು 10 ಮಂದಿಗೆ ಇದು ಬರುತ್ತದೆ.

ಇದು ಬಂತೆಂದ ಮಾತ್ರಕ್ಕೆ ಆಸ್ಪತ್ರೆಯವರು ಅಪರಾಧಿಗಳಲ್ಲ. ಜಗತ್ತಿನ ಅತ್ಯುತ್ತಮ ಐಸಿಯುಗಳಲ್ಲೂ ಬರುತ್ತದೆ. ಆದರೆ ಇದು ನೆಗಡಿ ಹಿಂದೆ ಬರುವ ನಮ್ಮೂರ ನ್ಯುಮೋನಿಯಾದಂಥದ್ದಲ್ಲ. ಇಲ್ಲಿರುವ ರೋಗಾಣುಗಳು ಬಹುತೇಕ ಆಸ್ಪತ್ರೆಯಲ್ಲೇ ಬೆಳೆದವು. ಅಸಿನಿಟೋಬ್ಯಾಕ್ಟರ್, ಕ್ಲೆಬ್ಸಿಯೆಲ್ಲಾ, ಸೂಡೋಮೊನಾಸ್ ಎಂಬ ಮೂರು ಹೆಸರುಗಳನ್ನು ನೆನಪಿಟ್ಟುಕೊಳ್ಳಿ. ರಿಪೋರ್ಟಿನಲ್ಲಿ ಸಾಮಾನ್ಯವಾಗಿ ಕಾಣುವ ಹೆಸರುಗಳು ಇವೇ. ಹತ್ತಾರು ಔಷಧ ನೋಡಿ ಪಳಗಿದ ಖದೀಮರು ಇವು. ಸಾದಾ ಗುಳಿಗೆಗೆ ಬಗ್ಗುವುದಿಲ್ಲ.

ಮೊದಲು ಅಂದಾಜು, ಆಮೇಲೆ ಲೆಕ್ಕ

ಚಿಕಿತ್ಸೆಯ ಕ್ರಮ ಹೀಗಿರಬೇಕು. ನ್ಯುಮೋನಿಯಾದ ಸಂಶಯ ಬಂದ ಕೂಡಲೇ ನಳಿಕೆಯ ಮೂಲಕ ಕಫ ತೆಗೆದು ಪ್ರಯೋಗಶಾಲೆಗೆ ಕಳಿಸಬೇಕು. ಇದಕ್ಕೆ ಕಲ್ಚರ್ ಪರೀಕ್ಷೆ ಎನ್ನುತ್ತಾರೆ. ರೋಗಾಣು ಬೆಳೆದು, ಅದು ಯಾವುದು, ಯಾವ ಔಷಧಕ್ಕೆ ಸಾಯುತ್ತದೆ ಎಂದು ತಿಳಿಯಲು ಎರಡು ಮೂರು ದಿನ ಬೇಕು. ರೋಗಿಯ ಸ್ಥಿತಿ ಬಿಗಡಾಯಿಸಿದ್ದರೆ ಅಷ್ಟು ದಿನ ಕಾಯುವಂತಿಲ್ಲ. ಅದಕ್ಕೇ ಮೊದಲ ದಿನ ಅಂದಾಜಿನ ಮೇಲೆ ದೊಡ್ಡ ಔಷಧ ಶುರು ಮಾಡುತ್ತಾರೆ. ಇದು ಸರಿಯಾದ ಕ್ರಮವೇ. ಯಾವ ಕೀಲಿ ಹತ್ತುತ್ತದೋ ಗೊತ್ತಿಲ್ಲದಾಗ ಇಡೀ ಗೊಂಚಲು ತರುವುದು ಅನಿವಾರ್ಯ.

ತಪ್ಪಾಗುವುದು ಎಲ್ಲಿ ಎಂದರೆ, ಮೂರನೆಯ ದಿನ ರಿಪೋರ್ಟ್ ಬಂದ ಮೇಲೂ ಗೊಂಚಲು ಕೆಳಗಿಡದಿದ್ದಾಗ. ರಿಪೋರ್ಟಿನಲ್ಲಿ ಸಣ್ಣ ಔಷಧಕ್ಕೇ ರೋಗಾಣು ಸಾಯುತ್ತದೆಂದು ಬಂದರೆ ದೊಡ್ಡದನ್ನು ಬಿಟ್ಟು ಸಣ್ಣದಕ್ಕೆ ಇಳಿಯಬೇಕು. ಎರಡು ಔಷಧ ನಡೆದಿದ್ದು ಒಂದು ಸಾಕಾದರೆ ಒಂದನ್ನು ನಿಲ್ಲಿಸಬೇಕು. ನ್ಯುಮೋನಿಯಾ ಅಲ್ಲವೇ ಅಲ್ಲ ಎಂದು ಗೊತ್ತಾದರೆ ಎಲ್ಲವನ್ನೂ ನಿಲ್ಲಿಸಬೇಕು. ಕಲ್ಚರಿಗೆ ಕಳಿಸದೆಯೇ ಔಷಧ ಶುರು ಮಾಡಿದ್ದರೆ ಈ ಯಾವುದನ್ನೂ ಮಾಡಲು ಬರುವುದಿಲ್ಲ. ಕತ್ತಲಲ್ಲಿ ಶುರುವಾದ ಚಿಕಿತ್ಸೆ ಕತ್ತಲಲ್ಲೇ ಸಾಗುತ್ತದೆ, ಬಿಲ್ಲು ಮಾತ್ರ ಬೆಳಕಿಗೆ ಬರುತ್ತದೆ.

ಎಷ್ಟು ದಿನ?

ಈಗ ಮುಖ್ಯ ಮಾತಿಗೆ ಬರೋಣ. ಈ ನ್ಯುಮೋನಿಯಾಕ್ಕೆ ಎರಡು ವಾರ ಆ್ಯಂಟಿಬಯೋಟಿಕ್ ಕೊಡುವುದು ಬಹಳ ಕಾಲದಿಂದ ನಡೆದುಬಂದ ರೂಢಿ. ಹದಿನಾಲ್ಕು ಎಂಬ ಅಂಕಿ ರೂಢಿಯಿಂದ ಬಂದದ್ದೇ ಹೊರತು ತೂಕ ಮಾಡಿ ಹೇಳಿದ್ದಲ್ಲ.

ತೂಕ ಮಾಡಿದ್ದು ಫ್ರಾನ್ಸಿನ ವೈದ್ಯರು. 51 ಐಸಿಯುಗಳಲ್ಲಿ 401 ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಪಾಲು ಮಾಡಿದರು. ಒಂದು ಪಾಲಿಗೆ 8 ದಿನ, ಇನ್ನೊಂದಕ್ಕೆ 15 ದಿನ ಔಷಧ. 2003ರಲ್ಲಿ ಫಲಿತಾಂಶ ಬಂತು. 28 ದಿನದೊಳಗೆ ತೀರಿಕೊಂಡವರು 8 ದಿನದ ಪಾಲಿನಲ್ಲಿ ನೂರಕ್ಕೆ 18.8, 15 ದಿನದ ಪಾಲಿನಲ್ಲಿ ನೂರಕ್ಕೆ 17.2. ಲೆಕ್ಕ ಬಲ್ಲವರು ಇದನ್ನು ಸಮಸಮ ಎನ್ನುತ್ತಾರೆ. ಆದರೆ ಮತ್ತೆ ಸೋಂಕು ಬಂದವರಲ್ಲಿ, ಯಾವ ಔಷಧಕ್ಕೂ ಸುಲಭವಾಗಿ ಬಗ್ಗದ ರೋಗಾಣು ಕಂಡದ್ದು ಕಡಿಮೆ ದಿನದವರಲ್ಲಿ ನೂರಕ್ಕೆ 42, ಹೆಚ್ಚು ದಿನದವರಲ್ಲಿ ನೂರಕ್ಕೆ 62. ಅಂದರೆ ಮೇಲಿನ ಒಂದು ವಾರದ ಔಷಧ ಜೀವ ಉಳಿಸಲಿಲ್ಲ, ರೋಗಾಣುಗಳಿಗೆ ತಾಲೀಮು ಕೊಟ್ಟಿತು. ಇಂಥ ಪುರಾವೆಗಳ ಮೇಲೆಯೇ 2016ರ ಮಾರ್ಗಸೂಚಿ ‘7 ದಿನ’ ಎಂದು ಬರೆಯಿತು.

‘ಅದು ಫ್ರಾನ್ಸ್‌ರೀ, ನಮ್ಮ ಕಡೆ ನಡಿಯೂದಿಲ್ಲ’ ಎಂದು ಯಾರಾದರೂ ಅಂದಾರು. ಆಕ್ಷೇಪಣೆ ಸರಿಯಾದದ್ದೇ, ನಮ್ಮಲ್ಲಿ ರೋಗಾಣುಗಳು ಹೆಚ್ಚು ಮೊಂಡು. ಅದಕ್ಕೂ ಉತ್ತರ ಬಂದಿದೆ. ನೇಪಾಳ, ಥೈಲ್ಯಾಂಡ್, ಸಿಂಗಪುರದ ಆರು ಆಸ್ಪತ್ರೆಗಳ 39 ಐಸಿಯುಗಳಲ್ಲಿ ಇದೇ ಪರೀಕ್ಷೆ ನಡೆಯಿತು, ವರದಿ 2024ರಲ್ಲಿ ಪ್ರಕಟವಾಯಿತು. ಅಲ್ಲಿ ದಿನವನ್ನು ಗೋಡೆಯ ಮೇಲೆ ಬರೆದಿಡಲಿಲ್ಲ. ಜ್ವರ ಇಳಿದು, ರಕ್ತದೊತ್ತಡ ನೆಟ್ಟಗಾದ ಮೇಲೆ ಔಷಧ ನಿಲ್ಲಿಸಿದರು. ಹೀಗೆ ಮಾಡಿದವರಿಗೆ ಸರಾಸರಿ 6 ದಿನದ ಔಷಧ ಬಿತ್ತು, ರೂಢಿಯಂತೆ ಕೊಟ್ಟವರಿಗೆ 14 ದಿನದ್ದು. ಎರಡು ತಿಂಗಳಲ್ಲಿ ತೀರಿಕೊಂಡವರು ಅಥವಾ ನ್ಯುಮೋನಿಯಾ ಮರುಕಳಿಸಿದವರು ಕಡಿಮೆ ದಿನದ ಗುಂಪಿನಲ್ಲಿ ನೂರಕ್ಕೆ 41, ಹೆಚ್ಚು ದಿನದ ಗುಂಪಿನಲ್ಲಿ ನೂರಕ್ಕೆ 44. ಔಷಧದ ಅಡ್ಡಪರಿಣಾಮ ಮಾತ್ರ ಒಂದು ಕಡೆ ನೂರಕ್ಕೆ 8, ಇನ್ನೊಂದು ಕಡೆ ನೂರಕ್ಕೆ 38. ಅಂಗಡಿಕಾರರಿಗೆ ಈ ತಕ್ಕಡಿ ಬಿಡಿಸಿ ಹೇಳಬೇಕಾಗಿಲ್ಲ.

ಎಲ್ಲರಿಗೂ ಏಳೇ ದಿನ ಎಂದಲ್ಲ. ಶ್ವಾಸಕೋಶದಲ್ಲಿ ಕೀವು ಗಟ್ಟಿಯಾಗಿದ್ದರೆ, ಸೋಂಕು ರಕ್ತಕ್ಕೆ ಇಳಿದಿದ್ದರೆ, ಮೈಯ ರೋಗನಿರೋಧಕ ಶಕ್ತಿಯೇ ಕುಸಿದಿದ್ದರೆ ಹೆಚ್ಚು ದಿನ ಬೇಕಾಗುತ್ತದೆ. ಸೂಡೋಮೊನಾಸ್ ವಿಷಯದಲ್ಲಿ ವೈದ್ಯರು ಇನ್ನೂ ಹುಷಾರಾಗಿರುತ್ತಾರೆ, ಬೇಗ ನಿಲ್ಲಿಸಿದರೆ ಅದು ತಿರುಗಿ ಬರುವ ಸಂಭವ ಜಾಸ್ತಿ. ಅದನ್ನು ತೀರ್ಮಾನಿಸಬೇಕಾದವರು ಹಾಸಿಗೆ ಬದಿಯ ಡಾಕ್ಟರೇ ಹೊರತು ನಾವು ನೀವಲ್ಲ, ಪತ್ರಿಕೆಯವರೂ ಅಲ್ಲ. ಆದರೆ ಎಂಟನೆಯ ದಿನ ‘ಯಾಕೆ ಮುಂದುವರಿಸುತ್ತೀರಿ?’ ಎಂಬುದಕ್ಕೆ ಒಂದು ಕಾರಣ ಇರಬೇಕು. ಕಾರಣ ಇಲ್ಲದೆ ಮುಂದುವರಿಯುವುದು ಚಿಕಿತ್ಸೆಯಲ್ಲ.

‘ಸೂಜಿ ನಿಲ್ಲಿಸ್ಯಾರಂದ್ರ ಆಸೆ ಬಿಟ್ಟಾರ’

ಇಲ್ಲಿ ನಮ್ಮ ಮಂದಿಯ ಪಾಲೂ ಇದೆ, ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಐಸಿಯು ಹೊರಗೆ ಕೂತ ಬಂಧುಬಳಗದ ಮನಸ್ಸಿನಲ್ಲಿ ಒಂದು ಭಾವನೆ ಗಟ್ಟಿಯಾಗಿ ಕೂತಿದೆ. ತುಟ್ಟಿ ಔಷಧ ಅಂದರೆ ಛಲೋ ಔಷಧ. ಹೆಚ್ಚು ದಿನ ಅಂದರೆ ಹೆಚ್ಚು ಕಾಳಜಿ. ‘ಸೂಜಿ ನಿಲ್ಲಿಸ್ಯಾರಂದ್ರ ಆಸೆ ಬಿಟ್ಟಾರ’ ಎಂದು ಹೆಂಗಸರು ಗೋಳಾಡುತ್ತಾರೆ, ಗಂಡಸರು ಡಾಕ್ಟರ ಮೇಲೆ ಏರಿ ಹೋಗುತ್ತಾರೆ. ‘ರೊಕ್ಕ ನಾವು ತರ್ತೇವ್ರೀ, ಹೆವಿ ಡೋಸ್ ಹಾಕ್ರಿ’ ಎಂದು ಒತ್ತಾಯ ಮಾಡುವವರೂ ಉಂಟು. ಡಾಕ್ಟರೂ ಮನುಷ್ಯರೇ. ನಿಲ್ಲಿಸಿದ ಮರುದಿನ ರೋಗಿಗೆ ಹೆಚ್ಚುಕಡಿಮೆಯಾದರೆ ಬಾಯಿಗೆ ಬಂದಂತೆ ಮಾತು, ಕೆಲವು ಕಡೆ ಕಲ್ಲು ಕೂಡ. ಮುಂದುವರಿಸಿದರೆ ಯಾರೂ ಕೇಳುವುದಿಲ್ಲ. ಹೀಗಾಗಿ ನಿಲ್ಲಿಸುವ ಧೈರ್ಯಕ್ಕಿಂತ ಮುಂದುವರಿಸುವ ಅನುಕೂಲ ದೊಡ್ಡದಾಗುತ್ತದೆ. ಖಾಸಗಿಯಲ್ಲಾದರೆ ಅದರ ಹಿಂದೆ ಔಷಧ ಮಾರಾಟದ ಲಾಭವೂ ಇರಬಹುದು. ಎಲ್ಲರೂ ಹಾಗೆ ಎಂದು ಹೇಳುವುದು ಅನ್ಯಾಯ, ಯಾರೂ ಹಾಗಿಲ್ಲ ಎಂದು ಹೇಳುವುದು ಮುಗ್ಧತನ.

ಮೆರೊಪೆನೆಮ್ ಎಂಬ ಔಷಧವನ್ನು ಸಾಮಾನ್ಯವಾಗಿ ದಿನಕ್ಕೆ ಮೂರು ಸಲ ರಕ್ತನಾಳಕ್ಕೆ ಕೊಡುತ್ತಾರೆ. ಅದೂ ನಡೆಯದಾಗ ಕೊಲಿಸ್ಟಿನ್, ಪಾಲಿಮಿಕ್ಸಿನ್ ಎಂಬ ಹಳೆಯ ಔಷಧಗಳಿಗೆ ಹೋಗುತ್ತಾರೆ. ಇವು ಮೂತ್ರಪಿಂಡಕ್ಕೆ ಪೆಟ್ಟು ಕೊಡುವ ಗುಣದವು. ಒಂದು ವಾರ ಹೆಚ್ಚಿಗೆ ಕೊಟ್ಟರೆ ಒಂದು ವಾರದ ಬಿಲ್ಲು ಮಾತ್ರವಲ್ಲ, ಕೆಲವರಿಗೆ ಡಯಾಲಿಸಿಸಿನ ಬಾಗಿಲೂ ತೆರೆಯುತ್ತದೆ. ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಯೋಜನೆಯಲ್ಲಿ 2018ರಿಂದ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಯ ರಕ್ಷಣೆ ಇದೆ. ಕಾರ್ಡು ಮನೆಯಲ್ಲಿ ಪೆಟ್ಟಿಗೆಯೊಳಗೆ, ರೋಗಿ ಹುಬ್ಬಳ್ಳಿಯಲ್ಲಿ ಎಂಬಂತೆ ಆಗಬಾರದು. ಯೋಜನೆಗೆ ಸೇರದ ಆಸ್ಪತ್ರೆಗೆ ಹೋದವರು ಬಂಗಾರ ಒತ್ತೆ ಇಟ್ಟು, ಹೊಲ ಲಾವಣಿಗೆ ಹಾಕಿ ಬಿಲ್ಲು ಕಟ್ಟುತ್ತಾರೆ. ಆ ಬಿಲ್ಲಿನ ಎರಡನೆಯ ವಾರದ ಔಷಧ ಬೇಕಾಗಿತ್ತೇ ಎಂದು ಕೇಳುವ ಹಕ್ಕು ಅವರಿಗಿದೆ.

ಬಸ್‌ಸ್ಟ್ಯಾಂಡಿನ ಮೆಡಿಕಲ್ ಶಾಪಿಗೂ ಐಸಿಯುಗೂ ಸಂಬಂಧ

ಹುಬ್ಬಳ್ಳಿಯ ಐಸಿಯುನಲ್ಲಿ ಔಷಧ ನಾಟದಿರುವುದಕ್ಕೂ ನಮ್ಮೂರ ಬಜಾರಕ್ಕೂ ಏನು ಸಂಬಂಧ ಎಂದು ಓದುಗರು ಕೇಳಬಹುದು. ಸಂಬಂಧ ನೇರವಾಗಿಯೇ ಇದೆ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ದೇಶದ ದೊಡ್ಡ ಆಸ್ಪತ್ರೆಗಳಿಂದ 2013ರಿಂದ ಈ ಲೆಕ್ಕ ಕೂಡಿಸುತ್ತ ಬಂದಿದೆ. ಅದರ 2021ರ ವರದಿಯಲ್ಲಿ ಅಸಿನಿಟೋಬ್ಯಾಕ್ಟರ್ ರೋಗಾಣುಗಳಲ್ಲಿ ನೂರಕ್ಕೆ 87.5ರಷ್ಟು, ಮೆರೊಪೆನೆಮ್ ಸೇರಿದ ಕಾರ್ಬಪೆನೆಮ್ ಗುಂಪಿನ ಔಷಧಗಳಿಗೆ ಬಗ್ಗದವು. ಕ್ಲೆಬ್ಸಿಯೆಲ್ಲಾದ ಕಥೆ ಇನ್ನೂ ಕಣ್ಣು ತೆರೆಸುವಂಥದ್ದು. ಅದೇ ಗುಂಪಿನ ಇಮಿಪೆನೆಮ್ ಔಷಧಕ್ಕೆ 2016ರಲ್ಲಿ ನೂರರಲ್ಲಿ 65 ಸಾಯುತ್ತಿದ್ದವು, 2020ಕ್ಕೆ 45. ನಾಲ್ಕು ವರ್ಷದಲ್ಲಿ ನೂರಕ್ಕೆ 20 ಔಷಧದ ಕೈ ತಪ್ಪಿದವು. ಬ್ಯಾಂಕಿನ ಮುದ್ದಲು ಈ ವೇಗದಲ್ಲಿ ಕರಗಿದ್ದರೆ ಊರೆಲ್ಲ ಗದ್ದಲವಾಗುತ್ತಿತ್ತು.

ಮುದ್ದಲು ಕರಗಿದ್ದು ಹೇಗೆ? ದೊಡ್ಡ ಆಸ್ಪತ್ರೆಗಳ ದುಂದು ಒಂದು ಕಾರಣ. ಕೋಳಿಗಳು ಬೇಗ ಕೊಬ್ಬಲಿ ಎಂದು ಕೊಲಿಸ್ಟಿನ್ ತಿನ್ನಿಸಿದ್ದು ಇನ್ನೊಂದು. ಮನುಷ್ಯನ ಕೊನೆಯ ಆಸರೆಯ ಔಷಧವನ್ನು ಕೋಳಿಯ ಕಾಳಿನಲ್ಲಿ ಬೆರೆಸುತ್ತಿದ್ದರು. ಕೇಂದ್ರ ಸರಕಾರ 2019ರ ಜುಲೈನಲ್ಲಿ ಅದನ್ನು ನಿಷೇಧಿಸಿತು. ಮೂರನೆಯದು ನಮ್ಮ ನಿಮ್ಮ ಚಟ. ನೆಗಡಿ ಬಂದರೆ ಅಂಗಡಿಗೆ ಹೋಗಿ ‘ಎರಡು ಗುಳಿಗಿ ಕೊಡ್ರಿ, ಸ್ಟ್ರಾಂಗ್ ಇರ್ಲಿ’ ಎನ್ನುವುದು. ಬಹುತೇಕ ನೆಗಡಿ ಕೆಮ್ಮು ವೈರಸಿನಿಂದ ಬರುತ್ತವೆ, ಆ್ಯಂಟಿಬಯೋಟಿಕ್ ಅವಕ್ಕೆ ನಾಟುವುದೇ ಇಲ್ಲ. ಆದರೆ ನಮ್ಮ ಕರುಳಿನಲ್ಲಿ, ಗಂಟಲಿನಲ್ಲಿ ಸುಮ್ಮನಿದ್ದ ಇತರ ರೋಗಾಣುಗಳು ಆ ಔಷಧದ ರುಚಿ ನೋಡಿ ಗಟ್ಟಿಯಾಗುತ್ತವೆ. ಮುಂದೆ ಅದೇ ಮನುಷ್ಯ ಬೈಕಿನಿಂದ ಬಿದ್ದು ಐಸಿಯುಗೆ ಹೋದಾಗ, ಆ ಗಟ್ಟಿ ರೋಗಾಣುಗಳು ಅವನ ಸಂಗಡವೇ ಒಳಗೆ ಹೋಗುತ್ತವೆ.

ಕಾಯಿದೆ ಇಲ್ಲವೆಂದಲ್ಲ. ಶೆಡ್ಯೂಲ್ ಎಚ್-1 ಎಂಬ ನಿಯಮ 2014ರ ಮಾರ್ಚ್ 1ರಿಂದ ಜಾರಿಯಲ್ಲಿದೆ. ಸೆಫಿಕ್ಸಿಮ್ ಗುಳಿಗೆಯಿಂದ ಹಿಡಿದು ಮೆರೊಪೆನೆಮ್ ಇಂಜೆಕ್ಷನ್‌ವರೆಗೆ ಅನೇಕ ಔಷಧ ಆ ಪಟ್ಟಿಯಲ್ಲಿವೆ. ಡಾಕ್ಟರ ಚೀಟಿ ಇಲ್ಲದೆ ಮಾರುವಂತಿಲ್ಲ. ಮಾರಿದರೆ ಡಾಕ್ಟರ ಹೆಸರು ವಿಳಾಸ, ರೋಗಿಯ ಹೆಸರು, ಔಷಧದ ಹೆಸರು, ಪ್ರಮಾಣ ಬೇರೆ ರಿಜಿಸ್ಟರಿನಲ್ಲಿ ಬರೆದು ಮೂರು ವರ್ಷ ಇಡಬೇಕು. 2016ರಲ್ಲಿ ಕೇಂದ್ರ ಸರಕಾರ ಕೆಂಪು ಗೆರೆಯ ಪ್ರಚಾರವನ್ನೂ ಮಾಡಿತು. ಗುಳಿಗೆಯ ಪಟ್ಟಿಯ ಬೆನ್ನ ಮೇಲೆ ನೆಟ್ಟಗೆ ಕೆಂಪು ಗೆರೆ ಇದ್ದರೆ ಚೀಟಿ ಇಲ್ಲದೆ ಕೊಳ್ಳಬೇಡಿ ಎಂದು ಅದರ ಅರ್ಥ.

ಔಷಧ ಅಂಗಡಿಯವರ ಮಾತನ್ನೂ ಕೇಳಬೇಕು. ‘ನಾ ಕೊಡದಿದ್ರ ಎದುರಿನ ಅಂಗಡ್ಯಾಗ ಕೊಡ್ತಾರ್ರೀ’ ಎನ್ನುತ್ತಾರೆ. ಸುಳ್ಳಲ್ಲ. ಕೂಲಿಗೆ ಹೋಗುವವನಿಗೆ ಡಾಕ್ಟರ ಫೀಸು ಒಂದು ದಿನದ ಪಗಾರ, ಸರಕಾರಿ ದವಾಖಾನೆಯಲ್ಲಿ ಪಾಳಿ ಹಚ್ಚಿದರೆ ಅವತ್ತಿನ ಕೂಲಿ ಹೋಯಿತು. ಅವನು ಅಂಗಡಿಯವನನ್ನೇ ಡಾಕ್ಟರ ಮಾಡಿಕೊಳ್ಳುತ್ತಾನೆ. ಆದ್ದರಿಂದ ಒಬ್ಬ ಅಂಗಡಿಯವನ ಮೇಲೆ ಕೇಸು ಹಾಕಿ ಫೋಟೋ ಹೊಡೆಸಿಕೊಂಡರೆ ಏನೂ ಆಗುವುದಿಲ್ಲ. ಊರಿನ ಎಲ್ಲ ಅಂಗಡಿಯವರೂ ಒಟ್ಟಿಗೆ ‘ಚೀಟಿ ತರ್ರಿ’ ಎಂದರೆ ಎದುರಿನ ಅಂಗಡಿಯ ಮಾತೇ ಬರುವುದಿಲ್ಲ. ಕೇರಳದಲ್ಲಿ 2024ರಿಂದ ಇಂಥ ಬಿಗಿ ತಪಾಸಣೆ ಶುರು ಮಾಡಿದ್ದಾರೆ. ನಮ್ಮಲ್ಲಿ ಔಷಧ ವ್ಯಾಪಾರಿಗಳ ಸಂಘಗಳೇ ಮುಂದೆ ಬಂದರೆ ಅಧಿಕಾರಿಗಳು ಬರುವವರೆಗೆ ಕಾಯಬೇಕಾಗಿಲ್ಲ.

ಬಾರದಂತೆ ತಡೆಯುವುದು ಸಸ್ತಾ

ಈ ನ್ಯುಮೋನಿಯಾ ತಡೆಯುವ ಉಪಾಯಗಳಲ್ಲಿ ಹೆಚ್ಚಿನವು ಪುಕ್ಕಟೆ. ರೋಗಿಯ ಹಾಸಿಗೆಯ ತಲೆಭಾಗವನ್ನು 30ರಿಂದ 45 ಡಿಗ್ರಿ ಎತ್ತರಿಸುವುದು, ಇದರಿಂದ ಹೊಟ್ಟೆಯಲ್ಲಿದ್ದದ್ದು ಗಂಟಲಿಗೆ ಬರುವುದು ತಗ್ಗುತ್ತದೆ. ದಿನಾಲೂ ಬ್ರಷ್ಷಿನಿಂದ ಹಲ್ಲು ಬಾಯಿ ಸ್ವಚ್ಛ ಮಾಡುವುದು. ಇದರಿಂದ ನ್ಯುಮೋನಿಯಾ ಕಡಿಮೆಯಾಗುತ್ತದೆಂದು ಅನೇಕ ಪರೀಕ್ಷೆಗಳನ್ನು ಕೂಡಿಸಿ ನೋಡಿದ 2023ರ ಅಧ್ಯಯನವೂ ಹೇಳಿತು. ದಿನಕ್ಕೊಮ್ಮೆ ಮಂಪರು ಇಳಿಸಿ, ‘ಯಂತ್ರ ಬಿಡಿಸಬಹುದೇ?’ ಎಂದು ಪರೀಕ್ಷಿಸುವುದು. ನಳಿಕೆ ಎಷ್ಟು ಬೇಗ ಹೊರಗೆ ಬರುತ್ತದೋ ಅಷ್ಟು ಒಳ್ಳೆಯದು. ಎಲ್ಲಕ್ಕಿಂತ ಮುಖ್ಯ ಕೈ. ಒಬ್ಬ ರೋಗಿಯನ್ನು ಮುಟ್ಟಿದ ಕೈ ತೊಳೆಯದೆ ಇನ್ನೊಬ್ಬನನ್ನು ಮುಟ್ಟಿದರೆ ಅಸಿನಿಟೋಬ್ಯಾಕ್ಟರಿಗೆ ಬಸ್ಸಿನ ಪಾಸು ಕೊಟ್ಟ ಹಾಗೆ. ಈ ಮಾತು ಡಾಕ್ಟರಿಗೆ, ನರ್ಸಿಗೆ ಅನ್ವಯಿಸುವಷ್ಟೇ ವಿಭೂತಿ ಹಚ್ಚಲು, ಅಂಗಾರ ಇಡಲು, ತಾಯತ ಕಟ್ಟಲು ಒಳಗೆ ಹೋಗುವ ನಮಗೂ ಅನ್ವಯಿಸುತ್ತದೆ. ಭಕ್ತಿ ಇರಲಿ, ಕೈ ತೊಳೆದುಕೊಂಡು ಇರಲಿ.

ಔಷಧವೂ ತಕ್ಕ ಹೊತ್ತಿಗೆ ಸ್ವಲ್ಪವೇ ಸಾಕಾಗಬಹುದು. ತಲೆಗೆ ಪೆಟ್ಟಾದವರು, ಮೆದುಳಿನಲ್ಲಿ ರಕ್ತಸ್ರಾವವಾದವರಿಗೆ ನಳಿಕೆ ಹಾಕಿದ 12 ಗಂಟೆಯೊಳಗೆ ಸೆಫ್ಟ್ರಿಯಾಕ್ಸೋನಿನ ಒಂದೇ ಒಂದು ಇಂಜೆಕ್ಷನ್ ಕೊಟ್ಟು ಫ್ರಾನ್ಸಿನಲ್ಲಿ ನೋಡಿದರು. 2024ರಲ್ಲಿ ಪ್ರಕಟವಾದ ಆ ವರದಿಯಂತೆ ಮೊದಲ ವಾರದ ನ್ಯುಮೋನಿಯಾ ನೂರಕ್ಕೆ 32 ಇದ್ದದ್ದು 14ಕ್ಕೆ ಇಳಿಯಿತು. ಒಂದು ಸೂಜಿ ಸರಿಯಾದ ಹೊತ್ತಿಗೆ ಬಿದ್ದರೆ ಮಾಡುವ ಕೆಲಸವನ್ನು, ಹೊತ್ತು ಮೀರಿದ ಮೇಲೆ ನಲವತ್ತು ಸೂಜಿ ಮಾಡಲಾರವು.

ಏನು ಕೇಳಬೇಕು?

ಮನೆಯ ಮಂದಿಯಲ್ಲಿ ನಾಲ್ಕಕ್ಷರ ಬಲ್ಲ ಒಬ್ಬರು, ದಿನಕ್ಕೊಬ್ಬರಲ್ಲ, ಒಬ್ಬರೇ ದಿನಾಲೂ ಡಾಕ್ಟರ ಹತ್ತಿರ ಶಾಂತವಾಗಿ ಮಾತಾಡಬೇಕು. ಜಗಳಕ್ಕಲ್ಲ, ತಿಳಿಯಲಿಕ್ಕೆ. ಪ್ರಶ್ನೆ ಐದು:

ಒಂದು, ಕಫ ಕಲ್ಚರಿಗೆ ಕಳಿಸಿದ್ದೀರಾ, ರಿಪೋರ್ಟ್ ಯಾವಾಗ ಬರುತ್ತದೆ?

ಎರಡು, ರಿಪೋರ್ಟಿನಲ್ಲಿ ಯಾವ ರೋಗಾಣು ಬಂದಿದೆ, ಅದಕ್ಕೆ ತಕ್ಕಂತೆ ಔಷಧ ಬದಲಾಯಿತೇ?

ಮೂರು, ಇವತ್ತು ಔಷಧದ ಎಷ್ಟನೆಯ ದಿನ, ಯಾವತ್ತು ನಿಲ್ಲಿಸುವ ವಿಚಾರ ಇದೆ?

ನಾಲ್ಕು, ಏಳು ದಿನ ಮೀರಿದರೆ, ಕಾರಣ ಏನು?

ಐದು, ಯಂತ್ರ ಬಿಡಿಸಿ ನೋಡುವ ಪರೀಕ್ಷೆ ಇವತ್ತು ಆಯಿತೇ?

‘ಕೇಳಿದ್ರ ಡಾಕ್ಟರು ಸಿಟ್ಟಾಗ್ತಾರ್ರೀ’ ಎಂಬ ಅಂಜಿಕೆ ಬೇಡ. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 2018ರಲ್ಲಿ ಸಿದ್ಧಪಡಿಸಿದ ರೋಗಿಗಳ ಹಕ್ಕುಗಳ ಸನ್ನದಿನಲ್ಲಿ ಮಾಹಿತಿ ಕೇಳುವ, ದಾಖಲೆಯ ಪ್ರತಿ ಪಡೆಯುವ, ಇನ್ನೊಬ್ಬ ವೈದ್ಯರ ಅಭಿಪ್ರಾಯ ಪಡೆಯುವ, ಔಷಧ ಎಲ್ಲಿ ಕೊಳ್ಳಬೇಕೆಂದು ಆರಿಸಿಕೊಳ್ಳುವ ಹಕ್ಕುಗಳೆಲ್ಲ ಇವೆ. ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ ಸಾಗಿಸುವಾಗ ಕಲ್ಚರ್ ರಿಪೋರ್ಟ್, ಔಷಧ ಶುರುವಾದ ತಾರೀಖು ಬರೆದ ಚೀಟಿ ಸಂಗಡ ಇರಲೇಬೇಕು. ಅದು ಇಲ್ಲದಿದ್ದರೆ ಹೊಸ ಆಸ್ಪತ್ರೆಯಲ್ಲಿ ಮತ್ತೆ ಒಂದನೆಯ ದಿನ, ಮತ್ತೆ ಅಂದಾಜು.

ಇನ್ನೊಂದು ಮಾತು ಸ್ಪಷ್ಟವಾಗಲಿ. ಇದನ್ನು ಓದಿ ಮನೆಯಲ್ಲಿ ನುಂಗುತ್ತಿರುವ ಔಷಧವನ್ನು ಅರ್ಧಕ್ಕೆ ಬಿಡಬೇಡಿ. ಟಿಬಿಯಂಥ ರೋಗಕ್ಕೆ ತಿಂಗಳುಗಟ್ಟಲೆ ಔಷಧ ಬೇಕು, ಬಿಟ್ಟರೆ ಜೀವಕ್ಕೆ ಕುತ್ತು. ‘ಕೋರ್ಸು ಪೂರ್ತಿ ಮಾಡ್ರಿ’ ಎಂದರೆ ಡಾಕ್ಟರು ಹೇಳಿದಷ್ಟು ದಿನ ತಪ್ಪದೆ ಎಂದರ್ಥ. ಹೆಚ್ಚು ದಿನವಾದಷ್ಟೂ ಒಳ್ಳೆಯದು ಎಂದಲ್ಲ.

ಔಷಧದ ಧಾರಣಿ ಯಾಕಿಲ್ಲ?

ಕೊನೆಗೆ ಜಿಲ್ಲಾಡಳಿತಕ್ಕೆ ಒಂದು ಮಾತು. ಉಳ್ಳಾಗಡ್ಡಿ, ಹೆಸರು, ಗೋವಿನಜೋಳದ ಧಾರಣಿ ಎಷ್ಟೆಂದು ಎಪಿಎಂಸಿಯಲ್ಲಿ ಬರೆಯುತ್ತಾರೆ. ಅದನ್ನು ನೋಡಿಯೇ ರೈತ ಮಾಲು ತರುತ್ತಾನೆ, ವ್ಯಾಪಾರಿ ಸವಾಲು ಕೂಗುತ್ತಾನೆ. ನಮ್ಮ ಜಿಲ್ಲೆಯ ರೋಗಾಣುಗಳಿಗೆ ಯಾವ ಔಷಧ ನಾಟುತ್ತದೆ, ಯಾವುದು ನಾಟುವುದಿಲ್ಲ ಎಂಬ ಧಾರಣಿಯನ್ನೂ ಹೀಗೆ ವರ್ಷಕ್ಕೊಮ್ಮೆಯಾದರೂ ಪ್ರಕಟಿಸಲು ಸಾಧ್ಯ. ವೈದ್ಯಕೀಯ ಕಾಲೇಜೆಂದ ಮೇಲೆ ರೋಗಾಣು ಪರೀಕ್ಷೆಯ ವಿಭಾಗ ಇದ್ದೇ ಇರುತ್ತದೆ. ಅಲ್ಲಿ ಕೂಡಿದ ಲೆಕ್ಕ ರೋಣ, ನರಗುಂದ, ಗಜೇಂದ್ರಗಡದ ತಾಲ್ಲೂಕು ಆಸ್ಪತ್ರೆಗಳಿಗೂ ಖಾಸಗಿ ವೈದ್ಯರಿಗೂ ತಲುಪಿದರೆ ಮೊದಲ ದಿನದ ಅಂದಾಜೂ ಗುರಿ ಮುಟ್ಟೀತು. ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಮಾದರಿಯನ್ನು ಅದೇ ದಿನ ಗದಗಿಗೆ ಮುಟ್ಟಿಸುವ ವ್ಯವಸ್ಥೆ ಮಾಡಬೇಕು. ದಿನಕ್ಕೆ ಎಷ್ಟೊಂದು ಬಸ್ಸು ಓಡಾಡುವ ಹಾದಿಯಲ್ಲಿ ಒಂದು ಸಣ್ಣ ಡಬ್ಬಿ ಹೋಗುವುದು ಅಸಾಧ್ಯವೇನಲ್ಲ. ಎಚ್-1 ರಿಜಿಸ್ಟರುಗಳ ತಪಾಸಣೆ ಹಬ್ಬಕ್ಕೊಮ್ಮೆ ಆಗದೆ ನಿಯಮಿತವಾಗಿ ಆಗಬೇಕು. ಐಸಿಯುಗಳಲ್ಲಿ ನರ್ಸುಗಳ ಸಂಖ್ಯೆ ಸಾಕಷ್ಟಿರಬೇಕು. ಒಬ್ಬ ಸಿಸ್ಟರ್ ಕೈಯಲ್ಲಿ ಐದಾರು ರೋಗಿಗಳನ್ನು ಕೊಟ್ಟು ಕೈ ತೊಳೆಯಲಿಲ್ಲ ಎಂದು ಬೈದರೆ ಪ್ರಯೋಜನವಿಲ್ಲ.

1980ರಲ್ಲಿ ಮಲಪ್ರಭಾ ಕಾಲುವೆಯ ಕರದ ಲೆಕ್ಕ ಕೇಳಿ ಇಡೀ ರಾಜ್ಯವನ್ನೇ ಎಬ್ಬಿಸಿದ ನೆಲ ನರಗುಂದದ್ದು. ಬಾರದ ನೀರಿಗೆ ಕರ ಯಾಕೆ ಎಂದು ಆಗ ಕೇಳಿದರು. ನಾಟದ ಔಷಧಕ್ಕೆ, ಬೇಡದ ದಿನಗಳಿಗೆ ರೊಕ್ಕ ಯಾಕೆ ಎಂದು ಈಗ ಕೇಳಬೇಕಾಗಿದೆ. ಸರಕಾರವನ್ನೂ ಕೇಳೋಣ, ಆಸ್ಪತ್ರೆಯನ್ನೂ ಕೇಳೋಣ. ನಾಳೆ ನೆಗಡಿ ಬಂದಾಗ ಮೆಡಿಕಲ್ ಶಾಪಿನ ಎದುರು ನಿಂತು, ನಮ್ಮನ್ನು ನಾವೂ ಕೇಳಿಕೊಳ್ಳೋಣ.